ದೀವಿನಲ್ಲಿ ಒಂದು ದಿನ

ದೀವ್ ಎಂದೊಡನೆ ಅಹಮದಾಬಾದಿನಲ್ಲಿ ಕೇಳಿದವರು ಒಮ್ಮೆ ಮುಗುಳ್ನಗುತ್ತಾರೆ. ಪಾನನಿರೋಧವಿರುವ ಗುಜರಾತಿನ ಗಡಿಯಾಚೆಗಿರುವ ಆ ಪುಟ್ಟ ದ್ವೀಪಕ್ಕೆ ಜನ ಏತಕ್ಕೆ ಹೋಗುತ್ತಾರೆಂಬುದರ ಬಗ್ಗೆ ಇಲ್ಲಿ ಒಂದೇ ಊಹೆ. ಆ ಊಹೆ ಕೆಲವರ ವಿಷಯದಲ್ಲಿ ನಿಜವೂ ಆಗಿರಬಹುದು. ಆದರೆ ನಾಲ್ಕು ನೂರು ವರ್ಷಗಳಿಗೂ ಮಿಗಿಲಾಗಿ ಪರದೇಶೀಯರ ಕೈಯಲ್ಲಿದ್ದು, ಈಜಿಪ್ಟ್, ತುರ್ಕಿ, ಪೋರ್ಚುಗಲ್ ಮತ್ತು ಗುಜರಾತಿನ ನೌಕೆಗಳು ಯಾವುದಕ್ಕಾಗಿ ಒಂದನ್ನೊಂದು ಮುಳುಗಿಸಿದವೋ ಅಂತಹ ಊರನ್ನು ಬರಿಯ ಬಾಟಲಿಯ ಮೂಲಕ ನೋಡುವುದು ಆ ಊರಿಗೂ ನಮಗೂ ಅನ್ಯಾಯ. ಕನ್ನಡಿಗರಾದ ನಮಗಂತೂ ದೀವಿನ ಚರಿತ್ರೆಯಲ್ಲಿ ನಮ್ಮ ಕರಾವಳಿಯ ಚರಿತ್ರೆಯೇ ಅರ್ಧ ಹೆಣೆದುಕೊಂಡಿದೆ ಎಂಬುದನ್ನು ತಿಳಿಸುವ ಸಲುವಾಗಿ ಈ ಲೇಖನ.

ನಮ್ಮ ಸಂಘದ ಹತ್ತು ಹನ್ನೆರಡು ಕುಟುಂಬಗಳವರು ಶನಿವಾರ ರಾತ್ರಿ ಸ್ಯಾಟಲೈಟಿನಿಂದ ಬಸ್ಸಿನಲ್ಲಿ ಹೊರಟು, ಭಾವನಗರ, ಮಹುವಾ, ಊನಾ ಮಾರ್ಗವಾಗಿ ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿ ಭಾನುವಾರ ಬೆಳಿಗ್ಗೆ ದೀವನ್ನು ಸೇರಿದೆವು. ಬುತ್ತಿಯಲ್ಲಿ ಖಡಕ್ ರೊಟ್ಟಿಯೂ ಶೇಂಗಾ ಚಟ್ನಿಯೂ ಇದ್ದವು; ನೆರೆಮನೆಯ ಗುಜರಾತಿ ತಾಯಂದಿರು ಪ್ರೀತಿಯಿಂದ ಕೊಟ್ಟ ಥೇಪ್ಲಾಗಳೂ ಇದ್ದವು. ಊರನ್ನು ತೋರಿಸಲು ಒಪ್ಪಿದ್ದ ಮಾರ್ಗದರ್ಶಕರು ದೀವಿನಲ್ಲಿಯೇ ಹುಟ್ಟಿ ಬೆಳೆದ ನಿವೃತ್ತ ಉಪಾಧ್ಯಾಯರು. ಅವರು ಗುಜರಾತಿಯಲ್ಲಿ ಹೇಳಿದುದನ್ನು ಹಿರಿಯರಿಗಾಗಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ದೀವ್ ಎಂಬ ಹೆಸರು ಸಂಸ್ಕೃತದ ದ್ವೀಪ ಶಬ್ದದಿಂದಲೇ ಬಂದುದು. ಸೌರಾಷ್ಟ್ರದ ದಕ್ಷಿಣ ತುದಿಯಲ್ಲಿ, ಕಿರಿದಾದ ಒಂದು ಕಾಲುವೆಯಿಂದ ನೆಲದಿಂದ ಬೇರ್ಪಟ್ಟಿರುವ ಈ ದ್ವೀಪವನ್ನು ಇಂದು ಸೇತುವೆಗಳು ನೆಲಕ್ಕೆ ಕೂಡಿಸಿವೆ. ನೆಲದ ಮೇಲಿನ ಘೋಘಲಾ ಸೇರಿ ಇಡೀ ಜಿಲ್ಲೆಯ ವಿಸ್ತೀರ್ಣ ಸುಮಾರು 40 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಜನಸಂಖ್ಯೆ 52,074. ನಮ್ಮ ಕಡೆಯ ಒಂದು ಹೋಬಳಿಯಷ್ಟು ಎನ್ನಬಹುದು. ಇರಾನಿನಿಂದ ಬಂದ ಪಾರಸಿಗಳು ಸಂಜಾನವನ್ನು ಸೇರುವ ಮೊದಲು ಹತ್ತೊಂಬತ್ತು ವರ್ಷ ಇಲ್ಲಿ ತಂಗಿದ್ದರೆಂದು ಅವರ ಪರಂಪರೆ ಹೇಳುತ್ತದೆ. ನಮ್ಮಂತೆಯೇ ಮನೆಬಿಟ್ಟು ಬಂದವರಿಗೆ ಮೊದಲು ನೆರಳು ಕೊಟ್ಟ ನೆಲವೆಂದು ಅದನ್ನು ಕೇಳಿದಾಗ ಮನಸ್ಸಿಗೆ ಹಿತವೆನಿಸಿತು.

ಇಷ್ಟು ಚಿಕ್ಕ ನೆಲಕ್ಕಾಗಿ ಇಷ್ಟು ದೊಡ್ಡ ಕಾದಾಟವೇಕೆ? ನಕ್ಷೆಯನ್ನು ಹರಡಿಕೊಂಡರೆ ಉತ್ತರ ಅಲ್ಲಿಯೇ ಇದೆ. ಖಂಭಾತದ ಕೊಲ್ಲಿಯನ್ನು ಹೊಗುವ ಹಡಗುಗಳೂ, ಕೆಂಪು ಸಮುದ್ರ ಪರ್ಷಿಯಾಗಳಿಗೆ ಹೋಗುವ ಹಡಗುಗಳೂ ದೀವಿನ ಎದುರಿನಲ್ಲಿಯೇ ಹಾಯಬೇಕು. ಗುಜರಾತಿನ ಬಟ್ಟೆ ಮತ್ತು ನೀಲಿ ಅರಬ್ಬೀ ದೇಶಗಳಿಗೂ ಆಫ್ರಿಕಕ್ಕೂ ಹೋಗುತ್ತಿದ್ದ ಕಾಲವದು. ಬಾಗಿಲಲ್ಲಿ ಕುಳಿತವನಿಗೆ ಮನೆಯ ಆಯವ್ಯಯವೆಲ್ಲ ತಿಳಿಯುತ್ತದೆ. ಸುಲ್ತಾನ ಮಹಮೂದ ಬೇಗಡನ ಕಾಲದಲ್ಲಿ ದೀವಿನ ಅಧಿಕಾರಿಯಾಗಿದ್ದವನು ಮಲಿಕ್ ಅಯಾಜ್. ಗುಲಾಮನಾಗಿ ಬಂದು, ತನ್ನ ಬುದ್ಧಿಬಲದಿಂದ ಬಂದರಿನ ಒಡೆಯನಾದ ಈತ ಊರಿಗೆ ಕೋಟೆ ಕಟ್ಟಿಸಿ ಬಂದರಿನ ಬಾಯಿಗೆ ಸರಪಳಿಯನ್ನು ಹಾಕಿಸಿದನು.

1508ರಲ್ಲಿ ಚೌಲದ ಬಳಿ ನಡೆದ ನೌಕಾಯುದ್ಧದಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡನ ಮಗ ಸತ್ತನು. ಮರುವರ್ಷ, 1509ರ ಫೆಬ್ರವರಿ 3ರಂದು, ಮಗನ ಸಾವಿನ ಸೇಡು ತೀರಿಸಿಕೊಳ್ಳಲು ಅಲ್ಮೇಡನು ದೀವಿನ ಎದುರು ಬಂದನು. ಈಜಿಪ್ಟಿನ ಸುಲ್ತಾನನ ನೌಕೆಗಳು, ಗುಜರಾತಿನ ನೌಕೆಗಳು, ಕಲ್ಲಿಕೋಟೆಯ ಸಾಮೂದಿರಿಯ ದೋಣಿಗಳು ಒಂದಾಗಿ ಎದುರಿಸಿದರೂ ಪೋರ್ಚುಗೀಸರ ಫಿರಂಗಿಗಳೇ ಗೆದ್ದವು. ಅರಬ್ಬೀ ಸಮುದ್ರದ ಒಡೆತನ ಯುರೋಪಿನವರ ಕೈಗೆ ಹೋದ ದಿನವೆಂದು ಇತಿಹಾಸಕಾರರು ಅದನ್ನು ಎಣಿಸುತ್ತಾರೆ. ಆದರೂ ದೀವ್ ಮಾತ್ರ ಅವರ ವಶವಾಗಲಿಲ್ಲ. 1531ರಲ್ಲಿ ನುನೋ ದ ಕುನ್ಹ ದೊಡ್ಡ ನೌಕಾಪಡೆಯೊಡನೆ ಬಂದು ಸೋತು ಹಿಂತಿರುಗಿದನು. ಫಿರಂಗಿಯಿಂದ ಆಗದ ಕೆಲಸ ಕೊನೆಗೆ ಕಾಗದದಿಂದ ಆಯಿತು. ಹುಮಾಯೂನನು ಗುಜರಾತಿನ ಮೇಲೆ ದಂಡೆತ್ತಿ ಬರಲು, ಸುಲ್ತಾನ ಬಹಾದುರ್ ಶಾಹ ಓಡಿಬಂದು ದೀವಿನಲ್ಲಿ ಸೇರಿ, ಸಹಾಯದ ಆಸೆಯಿಂದ 1535ರಲ್ಲಿ ಪೋರ್ಚುಗೀಸರಿಗೆ ಕೋಟೆ ಕಟ್ಟಲು ಒಪ್ಪಿಗೆಯಿತ್ತನು. ಹುಮಾಯೂನನು ಹಿಂದಿರುಗಿದ; ಕೋಟೆ ಉಳಿಯಿತು. 1537ರ ಫೆಬ್ರವರಿಯಲ್ಲಿ ಪೋರ್ಚುಗೀಸರ ಹಡಗಿಗೆ ಮಾತುಕತೆಗೆ ಹೋಗಿ ಮರಳುವಾಗ ಬಹಾದುರನು ಇದೇ ನೀರಿನಲ್ಲಿ ಕೊಲೆಯಾದನು. ಕಷ್ಟಕಾಲದಲ್ಲಿ ಬರೆದುಕೊಟ್ಟ ಪತ್ರ ಸುಖಕಾಲದಲ್ಲಿ ಹಿಂದಕ್ಕೆ ಬರುವುದಿಲ್ಲವೆಂಬುದು ಸಾಲದ ಕಾಗದಗಳನ್ನು ದಿನವೂ ನೋಡುವ ನನ್ನಂಥವನಿಗೆ ಹೊಸ ಮಾತಲ್ಲ.

ಕೋಟೆಯನ್ನು ನೋಡಿದಾಗ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಮೂರು ಕಡೆ ಸಮುದ್ರ, ನೆಲದ ಕಡೆಗೆ ಬಂಡೆಯಲ್ಲಿ ಕೊರೆದ ಆಳವಾದ ಕಂದಕ, ಬುರುಜುಗಳ ಮೇಲೆ ಇಂದಿಗೂ ಮಲಗಿರುವ ಫಿರಂಗಿಗಳು, ಎತ್ತರದಲ್ಲಿ ದೀಪಸ್ತಂಭ. ‘ದೀವಿಗೆ ಬಂದು ದೀವಿಗೆ ನೋಡಿದಂತಾಯಿತು’ ಎಂದು ನಮ್ಮೊಡನಿದ್ದ ಕನ್ನಡ ಪ್ರೇಮಿಗಳೊಬ್ಬರು ನಗಿಸಿದರು. ಎದುರಿಗೆ ನೀರಿನ ನಡುವೆ ಹಡಗಿನಾಕಾರದಲ್ಲಿ ನಿಂತಿರುವುದು ಪಾನಿಕೋಠಾ ಎಂಬ ನೀರುಕೋಟೆ. 1538ರಲ್ಲಿ ಸುಯೆಜ್‌ನಿಂದ ಹೊರಟ ತುರ್ಕಿ ನೌಕಾಪಡೆ ಸುಲೇಮಾನ್ ಪಾಶಾನ ಮುಖಂಡತ್ವದಲ್ಲಿ ಬಂದು ಈ ಕೋಟೆಯನ್ನು ಮುತ್ತಿತು. ಒಳಗಿದ್ದ ಆಂಟೋನಿಯೋ ದ ಸಿಲ್ವೇರಾನು ಅಲ್ಪ ಸೈನ್ಯದಿಂದಲೇ ತಡೆದು ನಿಲ್ಲಲು, ತುರ್ಕರು ಮುತ್ತಿಗೆ ತೆಗೆದು ಹೊರಟುಹೋದರು. ಅವರು ತಂದಿದ್ದ ಭಾರಿ ತೋಪುಗಳಲ್ಲೊಂದಾದ, ಈಜಿಪ್ಟಿನಲ್ಲಿ 1531ರಲ್ಲಿ ಎರಕ ಹೊಯ್ದ ‘ನೀಲಂ’ ಇಂದು ಜುನಾಗಢದ ಉಪರ್‌ಕೋಟ್‌ನಲ್ಲಿದೆ. ಗಿರನಾರಕ್ಕೆ ಹೋದ ನಮ್ಮ ಬಂಧುಗಳಲ್ಲಿ ಅನೇಕರು ಅದನ್ನು ನೋಡಿರಲಿಕ್ಕೆ ಸಾಕು.

1546ರಲ್ಲಿ ಮತ್ತೊಮ್ಮೆ ಮುತ್ತಿಗೆ. ಈ ಸಲ ಗುಜರಾತಿನ ಸೈನ್ಯ, ಖ್ವಾಜಾ ಸಫರನ ನೇತೃತ್ವದಲ್ಲಿ. ಏಪ್ರಿಲಿನಿಂದ ನವೆಂಬರಿನವರೆಗೆ ನಡೆದ ಕಾಳಗದಲ್ಲಿ ಸಫರನೂ ಸತ್ತನು. ಗೋವೆಯ ಗವರ್ನರ್ ಜೊವಾಂವ್ ದ ಕಾಸ್ತ್ರೋನ ಮಗ ಫೆರ್ನಾಂದೋನೂ ಸತ್ತನು. ಕಾಸ್ತ್ರೋ ತಾನೇ ಬಂದು ಗೆದ್ದನಾದರೂ ಕೋಟೆಯೆಲ್ಲ ಪುಡಿಪುಡಿಯಾಗಿತ್ತು. ಮತ್ತೆ ಕಟ್ಟಿಸಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಆಗ ಅವನು ಗೋವೆಯ ನಗರಸಭೆಗೆ ಪತ್ರ ಬರೆದು 20,000 ಪರದಾವ್ ಸಾಲ ಕೇಳಿದನು. ಒತ್ತೆಯಿಡಲು ಬೆಳ್ಳಿ ಬಂಗಾರವಿಲ್ಲ. ಮಗನ ಎಲುಬುಗಳನ್ನು ಒತ್ತೆಯಾಗಿ ಕಳಿಸೋಣವೆಂದರೆ ಹೂತ ದೇಹ ಇನ್ನೂ ಕರಗಿರಲಿಲ್ಲ. ಆದುದರಿಂದ ತನ್ನ ಗಡ್ಡದ ಕೂದಲನ್ನೇ ಕತ್ತರಿಸಿ ಒತ್ತೆಯಾಗಿ ಕಳುಹಿದನು! ಗೋವೆಯ ಜನ ಕೂದಲನ್ನು ಗೌರವದಿಂದ ಹಿಂದಿರುಗಿಸಿ ಹಣವನ್ನು ಕಳುಹಿಸಿಕೊಟ್ಟರು.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಗದಗಿನ ಕಡೆಯ ಹಿರಿಯ ತಾಯಿಯವರೊಬ್ಬರು, ‘ಅಲ್ಲೋ ತಮ್ಮಾ, ನಿಮ್ಮ ಬ್ಯಾಂಕಿನ್ಯಾಗ ಗಡ್ಡಕ್ಕ ಎಷ್ಟು ಕೊಡ್ತೀರಿ?’ ಎಂದು ಕೇಳಿದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಯೋಚಿಸಬೇಕಾದ ಮಾತೂ ಇದರಲ್ಲಿದೆ. ಅಡವು ಯಾವುದೇ ಇರಲಿ, ಸಾಲ ನಿಲ್ಲುವುದು ನಂಬಿಕೆಯ ಮೇಲೆ. ಆ ನಂಬಿಕೆಯಿಂದ ಬಂದ ಹಣದಲ್ಲಿ ಎದ್ದುನಿಂತ ಕೋಟೆಯಾದರೋ ಇತರರ ವ್ಯಾಪಾರವನ್ನು ಬಲಾತ್ಕಾರದಿಂದ ಹಿಡಿದಿಡುವುದಕ್ಕಾಗಿ ಇದ್ದಿತು. ಒಳ್ಳೆಯ ಗುಣ ಕೆಟ್ಟ ಕೆಲಸಕ್ಕೂ ಒದಗಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಇನ್ನು ಆ ‘ಪರದಾವ್’ ನಾಣ್ಯದ ವಿಷಯ. ಅದು ನಮ್ಮದೇ ಶಬ್ದ. ವಿಜಯನಗರದ ಅರಸರ ಕಾಲದಲ್ಲಿ ಅರ್ಧ ವರಹಕ್ಕೆ ‘ಪ್ರತಾಪ’ ಎಂದು ಹೆಸರು. ಪೋರ್ಚುಗೀಸರ ನಾಲಗೆಯಲ್ಲಿ ಅದೇ ಪರದಾವ್ ಆಯಿತು. ಹಂಪೆಯ ಪೇಟೆಯಲ್ಲಿ ಎಣಿಸುತ್ತಿದ್ದ ನಾಣ್ಯದ ಹೆಸರು ದೀವಿನ ಕೋಟೆಯ ಲೆಕ್ಕದಲ್ಲಿ ಬಂದು ಕುಳಿತಿದೆ. ಇದೇ ಕಾಸ್ತ್ರೋ 1547ರಲ್ಲಿ ವಿಜಯನಗರದೊಡನೆ ಒಡಂಬಡಿಕೆ ಮಾಡಿಕೊಂಡು, ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೇ ಕೊಡಲು ಒಪ್ಪಿಕೊಂಡನು. ದೀವಿನ ವಿಜೇತನಾದ ಅಲ್ಮೇಡನೂ ನಮ್ಮ ಕರಾವಳಿಗೆ ಅಪರಿಚಿತನಲ್ಲ; 1505ರಲ್ಲಿ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಮೇಲೆ ಬೆಂಕಿ ಸುರಿದವನು ಅವನೇ. ಐದು ವರ್ಷಗಳ ತರುವಾಯ ಗೋವೆಯನ್ನು ಹಿಡಿಯಲು ಪೋರ್ಚುಗೀಸರಿಗೆ ನೆರವಾದ ತಿಮ್ಮಯ್ಯನು ಆ ಹೊನ್ನಾವರದವನೇ. ಉಳ್ಳಾಲದ ರಾಣಿ ಅಬ್ಬಕ್ಕ ಅವರನ್ನು ಎದುರಿಸಿ ಹೋರಾಡಿದಳು. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಅವರ ಕೋಟೆಗಳನ್ನು ಕಿತ್ತುಕೊಂಡನು. ಒಂದೇ ಸಮುದ್ರದ ಕಥೆಯ ಎರಡು ಅಧ್ಯಾಯಗಳು ಇವು. ಒಂದನ್ನು ಶಾಲೆಯಲ್ಲಿ ನಮ್ಮ ಹಿರಿಯರು ಓದಿದರು. ಇನ್ನೊಂದು ನಾವು ಬದುಕುವ ನಾಡಿನಲ್ಲಿದೆ.

ಪೋರ್ಚುಗೀಸರ ಆದಾಯದ ಗುಟ್ಟು ‘ಕಾರ್ತಾಜ್’ ಎಂಬ ರಹದಾರಿ ಚೀಟಿಯಲ್ಲಿತ್ತು. ಸಮುದ್ರದಲ್ಲಿ ಹೋಗುವ ಪ್ರತಿಯೊಂದು ವ್ಯಾಪಾರಿ ಹಡಗೂ ಅದನ್ನು ಕೊಳ್ಳಬೇಕು. ಇಲ್ಲದಿದ್ದರೆ ಹಡಗೂ ಸರಕೂ ಮುಟ್ಟುಗೋಲು. ಚೀಟಿಯ ಬೆಲೆ ಅಲ್ಪ; ಆದರೆ ಚೀಟಿ ಪಡೆದ ಹಡಗು ಅವರ ಬಂದರಿಗೆ ಬಂದು ಸುಂಕ ತೆರಲೇಬೇಕು. ಹೀಗೆ ಗುಜರಾತಿನ ವರ್ತಕರ ಸುಂಕದಿಂದ ದೀವಿನ ಕಟ್ಟೆ ತುಂಬಿ, ಗೋವೆಯ ಸರ್ಕಾರಕ್ಕೇ ಆಸರೆಯಾಯಿತು. ಆದರೆ ತಾನು ಏನನ್ನೂ ಬೆಳೆಯದೆ, ನೇಯದೆ, ಹಾದುಹೋಗುವವರಿಂದ ವಸೂಲು ಮಾಡುವ ಊರಿನ ಸಿರಿ ಹಾದುಹೋಗುವವರು ದಾರಿ ಬದಲಿಸುವವರೆಗೆ ಮಾತ್ರ. ಮೊಗಲರ ಕಾಲದಲ್ಲಿ ಸೂರತ್ತು ಮೇಲಕ್ಕೆ ಬಂದಿತು; ಡಚ್ಚರೂ ಇಂಗ್ಲಿಷರೂ ಸಮುದ್ರಕ್ಕಿಳಿದರು; 1668ರಲ್ಲಿ ಮಸ್ಕತಿನ ಅರಬರು ದೀವನ್ನು ಸೂರೆಮಾಡಿದರು; ಅದೇ ವರ್ಷ ಮುಂಬಯಿ ಇಂಗ್ಲಿಷ್ ಕಂಪನಿಯ ಕೈಸೇರಿತು. ಆಮೇಲೆ ದೀವಿನ ಗಡಿಯಾರ ನಿಧಾನವಾಗಿ ನಡೆಯತೊಡಗಿತು.

ಆ ನಿಧಾನವೇ ಇಂದು ಊರಿನ ಚೆಲುವು. ಇಕ್ಕಟ್ಟಾದ ಓಣಿಗಳು, ಬಣ್ಣ ಬಳಿದ ಹಳೆಯ ಮನೆಗಳು, ಸಿಂಹಗಳನ್ನು ಕೆತ್ತಿದ ಝಾಂಪಾ ಬಾಗಿಲು, 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಸಂತ ಪೌಲರ ಇಗರ್ಜಿ. ಅದರ ಒಳಗಿನ ಮರಗೆತ್ತನೆ ನೋಡತಕ್ಕದ್ದು. ಊರ ಗೋಡೆಯ ಹೊರಗೆ ನಾಯ್ಡಾ ಗವಿಗಳಿವೆ. ಕೋಟೆಗೆ ಕಲ್ಲು ಕಡಿದು ಕಡಿದು ಉಂಟಾದ ಹಳ್ಳಗಳೆಂದು ಹೇಳುತ್ತಾರೆ. ಮೇಲಿನಿಂದ ಇಳಿಯುವ ಬಿಸಿಲುಕೋಲುಗಳಲ್ಲಿ ಮಕ್ಕಳು ಓಡಾಡಿದರು. ಮೇಲೆದ್ದ ಗೋಡೆ ಯಾರ ಹೆಸರಿನಲ್ಲಿದೆಯೆಂಬುದನ್ನು ಎಲ್ಲರೂ ಬಲ್ಲರು. ಕಲ್ಲು ಹೊತ್ತವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ.

ಇಲ್ಲಿಯೇ ಇನ್ನೊಂದು ನೋವಿನ ಸಂಗತಿಯನ್ನು ಹೇಳಬೇಕು. ದೀವಿನ ವಾಣಿಯಾ ವರ್ತಕರು ಮೊಜಾಂಬಿಕಿಗೆ ಬಟ್ಟೆ ಒಯ್ದು ದಂತ ತರುತ್ತಿದ್ದರು. ಆ ಹಡಗುಗಳಲ್ಲಿ ಮನುಷ್ಯರೂ ಸರಕಾಗಿ ಬರುತ್ತಿದ್ದರು. ಅಟ್ಲಾಂಟಿಕ್ ಸಾಗರದಾಚೆ ಕೆರಿಬಿಯನ್ ದ್ವೀಪಗಳಿಗೂ ಬ್ರೆಜಿಲಿಗೂ ಲಕ್ಷ ಲಕ್ಷ ಆಫ್ರಿಕನರನ್ನು ಸಾಗಿಸಿದ ಪಾಪದ ಒಂದು ಕವಲು ನಮ್ಮ ಸಮುದ್ರದಲ್ಲಿಯೂ ಹರಿದಿತ್ತು. ಅರಬರೂ ಪೋರ್ಚುಗೀಸರೂ ಹಲವು ಶತಮಾನಗಳಲ್ಲಿ ತಂದ ಆಫ್ರಿಕನರ ಸಂತತಿಯವರು ಗಿರ್ ಕಾಡಿನ ಅಂಚಿನ ಜಾಂಬೂರಿನಲ್ಲಿ ಸಿದ್ದಿಗಳೆಂದು ಇದ್ದಾರೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡುಗಳಲ್ಲಿಯೂ ಸಿದ್ದಿಗಳೆಂದೇ ಇದ್ದಾರೆ. ಇಲ್ಲಿಯವರು ಗುಜರಾತಿಯಲ್ಲಿ ಮಾತಾಡಿ ಧಮಾಲ್ ಕುಣಿಯುತ್ತಾರೆ. ಅಲ್ಲಿಯವರು ಕೊಂಕಣಿ ಕನ್ನಡಗಳನ್ನಾಡಿ ಡಮಾಮಿ ಬಾರಿಸುತ್ತಾರೆ. ಊರು, ಮಾತು, ಹೆಸರು ಎಲ್ಲವನ್ನೂ ಕಿತ್ತುಕೊಂಡ ಮೇಲೂ ಡೋಲಿನ ಪೆಟ್ಟು ಉಳಿಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡುದನ್ನೂ, 2023ರಲ್ಲಿ ಜಾಂಬೂರಿನ ಹೀರಾಬಾಯಿ ಲೋಬಿಯವರಿಗೆ ಪದ್ಮಶ್ರೀ ಬಂದುದನ್ನೂ ನಾವು ಒಟ್ಟಿಗೆ ನೆನೆಯಬೇಕು.

ಮಧ್ಯಾಹ್ನದ ತರುವಾಯ ಫುದಮ್ ಗ್ರಾಮದ ಗಂಗೇಶ್ವರಕ್ಕೆ ಹೋದೆವು. ಸಮುದ್ರದ ಬಂಡೆಯ ನಡುವೆ ಐದು ಶಿವಲಿಂಗಗಳು. ಪಾಂಡವರು ಸ್ಥಾಪಿಸಿದರೆಂದು ಸ್ಥಳಪುರಾಣ. ಭರತದ ತೆರೆಗಳೇ ನಿತ್ಯ ಅಭಿಷೇಕ ಮಾಡುತ್ತವೆ. ಗೋಕರ್ಣವನ್ನು ನೆನೆದು ಹಿರಿಯರು ಕೈಮುಗಿದರು. ಅಲ್ಲಿಂದ ಕುದುರೆಲಾಳದಂತೆ ಬಾಗಿರುವ ನಾಗವಾ ಕಡಲತೀರ. ದಾರಿಯಲ್ಲೆಲ್ಲ ‘ಹೋಕಾ’ ಎಂಬ ಮರಗಳು. ತಾಳೆಯ ಜಾತಿಯವೇ ಆದರೂ ನಮ್ಮ ತಾಳೆಯಂತೆ ಒಂಟಿ ಕಾಂಡವಲ್ಲ, ಕವಲೊಡೆದು ಕೊಡೆಯಂತೆ ಹರಡುತ್ತವೆ. ಆಫ್ರಿಕದ ಡೂಮ್ ತಾಳೆ ಇದರ ಹತ್ತಿರದ ಬಂಧು.

ದಿನದ ಕೊನೆಯಲ್ಲಿ ನಾವು ನಿಂತದ್ದು ಗುಡ್ಡದ ಮೇಲಿನ ಖುಕ್ರಿ ಸ್ಮಾರಕದಲ್ಲಿ. 1971ರ ಡಿಸೆಂಬರ್ 9ರ ರಾತ್ರಿ ದೀವಿನಾಚೆಯ ಸಮುದ್ರದಲ್ಲಿ ಪಾಕಿಸ್ತಾನದ ಸಬ್‌ಮೆರೀನ್ ಐ.ಎನ್.ಎಸ್. ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಹಡಗನ್ನು ಬಿಟ್ಟು ಬರಲೊಪ್ಪದೆ ಅದರೊಡನೆಯೇ ಜಲಸಮಾಧಿಯಾದರು. ಅಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ, ಮಕ್ಕಳೂ ಸುಮ್ಮನಾದರು. ಅದಕ್ಕೆ ಹತ್ತು ವರ್ಷ ಮೊದಲು, 1961ರ ಡಿಸೆಂಬರ್ 18ರಂದು, ನಮ್ಮ ನೌಕಾಪಡೆಯ ‘ದೆಹಲಿ’ ಇದೇ ದೀವಿನ ಮೇಲೆ ಗುಂಡು ಹಾರಿಸಿತ್ತು. ಮರುದಿನ ಪೋರ್ಚುಗೀಸರು ಶರಣಾದರು. ಅದೇ 18ರಂದು ಕಾರವಾರದೆದುರಿನ ಅಂಜದೀವದಲ್ಲಿ ‘ತ್ರಿಶೂಲ’ ಮತ್ತು ‘ಮೈಸೂರು’ ಎಂಬ ನೌಕೆಗಳ ನಾವಿಕರು ದಡಕ್ಕಿಳಿದು ಹೋರಾಡಿದರು. ಏಳು ಮಂದಿ ಪ್ರಾಣ ತೆತ್ತರು. ಕಾಳಗ ಒಂದೇ, ಒಂದು ತುದಿ ನಮ್ಮ ತವರಿನಲ್ಲಿ, ಇನ್ನೊಂದು ತುದಿ ನಮ್ಮ ನೆಲೆಯಲ್ಲಿ. ಮುಂದೆ ಗೋವೆ, ದಮನ್ ಮತ್ತು ದೀವ್ ಒಂದು ಕೇಂದ್ರಾಡಳಿತ ಪ್ರದೇಶವಾದವು. 1987ರಲ್ಲಿ ಗೋವೆ ಬೇರೆಯಾಗಿ ರಾಜ್ಯವಾಯಿತು. 2020ರ ಜನವರಿ 26ರಿಂದ ದೀವ್, ದಮನ್, ದಾದ್ರಾ ಮತ್ತು ನಗರ ಹವೇಲಿಗಳು ಒಂದೇ ಪ್ರದೇಶವಾಗಿವೆ.

ಹಿಂದಿರುಗುವ ಮೊದಲು ನಮ್ಮವರೊಬ್ಬರು ಮಾರ್ಗದರ್ಶಕರನ್ನು ಕೇಳಿದರು: ‘ಇಷ್ಟು ಕಾಲ ಪೋರ್ಚುಗೀಸರಿದ್ದರಲ್ಲ ಸಾಹೇಬರೇ, ನಿಮ್ಮ ಮನೆಗಳಲ್ಲಿ ಅವರ ಭಾಷೆ ಉಳಿದಿಲ್ಲವೇ?’ ಅವರು ನಿಧಾನವಾಗಿ ಹೇಳಿದರು: ‘ನಮ್ಮ ತಂದೆಯವರು ಶಾಲೆಯಲ್ಲಿ ಅದನ್ನೇ ಕಲಿತರು, ಕಚೇರಿಯಲ್ಲಿ ಅದನ್ನೇ ಬರೆದರು. ಮನೆಗೆ ಬಂದು ಚಪ್ಪಲಿಯೊಡನೆ ಅದನ್ನೂ ಹೊರಗೆ ಬಿಡುತ್ತಿದ್ದರು. ಒಳಗೆ ನಮ್ಮ ಅಜ್ಜಿಯ ರಾಜ್ಯ, ಅಲ್ಲಿ ಗುಜರಾತಿ.’

ವಾಚಕರು ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. 1535ರಿಂದ 1961ರವರೆಗೆ 426 ವರ್ಷ. ರಾಜ್ಯವೂ ಕೋಟೆಯೂ ಶಾಲೆಯೂ ನ್ಯಾಯಾಲಯವೂ ಪರಭಾಷೆಯವು. ಆದರೂ ದೀವಿನ ಅಡಿಗೆಮನೆಯಿಂದ ಗುಜರಾತಿಯನ್ನು ಹೊರಡಿಸಲು ಅವರಿಂದ ಆಗಲಿಲ್ಲ. ನಮ್ಮ ಸ್ಥಿತಿ ಏನು? ನಮ್ಮ ಮೇಲೆ ಯಾರ ಬಲಾತ್ಕಾರವೂ ಇಲ್ಲ. ಈ ನಾಡು ನಮಗೆ ಅನ್ನವಿತ್ತಿದೆ, ಆದರವಿತ್ತಿದೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅಹಮದಾಬಾದೂ ಒಂದೇ ಮುಂಬಯಿ ಸರ್ಕಾರದ ಕೆಳಗಿದ್ದವು. ಹಾಗಾಗಿ ನಮ್ಮ ಹಿರಿಯರಿಗೆ ಇದು ಪರರಾಜ್ಯವೂ ಆಗಿರಲಿಲ್ಲ. ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರು ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ಇದೇ ಊರಿನಲ್ಲಿ ಸಂಶೋಧನೆ ಮಾಡಿ, 1975ರಲ್ಲಿ ‘ಆರ್ಯಭಟ’ವನ್ನು ಆಕಾಶಕ್ಕೇರಿಸಿದ ತಂಡದ ನಾಯಕರಾದರು. ಹೀಗೆ ಬಂದು ಸುಖವಾಗಿರುವ ನಮ್ಮ ಮನೆಗಳಲ್ಲಿ ಕನ್ನಡವು ಒಂದೇ ತಲೆಮಾರಿನಲ್ಲಿ ಬೈಠಕಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಫೋನಿಗೆ, ಫೋನಿನಿಂದ ನವೆಂಬರ್ ಒಂದನೆಯ ತಾರೀಖಿಗೆ ಸರಿಯುತ್ತಿದೆ. ನಾಲ್ಕು ಶತಮಾನದ ಫಿರಂಗಿ ಮಾಡದ ಕೆಲಸವನ್ನು ಇಪ್ಪತ್ತು ವರ್ಷದ ಅನುಕೂಲ ಮಾಡಿಬಿಡುತ್ತಿದೆ.

ಗುಜರಾತಿಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಉಂಡ ಮನೆಯ ಮಾತು ಅದು. ಆದರೆ ದೀವಿನವರೂ ವಲಸೆ ಹೋಗುವವರೇ ಎಂಬುದನ್ನು ಮರೆಯಬಾರದು. ಅಂದು ಮೊಜಾಂಬಿಕಿಗೆ ಹೋದರು. 1961ಕ್ಕೆ ಮೊದಲು ಅಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೌರತ್ವ ಕೋರುವ ಹಕ್ಕನ್ನು ಪೋರ್ಚುಗಲ್ ದೇಶ ಕೊಟ್ಟಿರುವುದರಿಂದ ಇಂದು ಅನೇಕ ಮನೆಗಳವರು ಇಂಗ್ಲೆಂಡಿನ ಲೆಸ್ಟರ್ ಮೊದಲಾದ ಊರುಗಳಲ್ಲಿದ್ದಾರೆ. ದ್ವೀಪವಾಗಿರುವುದು ತಪ್ಪಲ್ಲ, ನೆಲಕ್ಕೆ ಸೇತುವೆಯಿದ್ದರೆ ಸಾಕು. ನಮ್ಮ ಸಂಘ ಅಂಥದೊಂದು ಸೇತುವೆ. ಆದರೆ ವರ್ಷಕ್ಕೊಂದು ಉತ್ಸವದಿಂದ ಸೇತುವೆ ನಿಲ್ಲುವುದಿಲ್ಲ, ದಿನವೂ ಅದರ ಮೇಲೆ ಯಾರಾದರೂ ನಡೆಯಬೇಕು. ದಿನಕ್ಕೊಂದು ಗಂಟೆ, ಊಟದ ಹೊತ್ತಿನಲ್ಲಿ, ಮನೆಯವರೆಲ್ಲ ಕನ್ನಡದಲ್ಲಿಯೇ ಮಾತನಾಡುವುದೆಂದು ಪ್ರತಿಯೊಂದು ಕುಟುಂಬವೂ ಈ ರಾಜ್ಯೋತ್ಸವದಿಂದ ನಿಶ್ಚಯಿಸಲಿ. ಇದಕ್ಕೆ ಚಂದಾ ಬೇಡ, ಸಭಾಂಗಣ ಬೇಡ, ಗಡ್ಡವನ್ನು ಒತ್ತೆಯಿಡುವ ಕಾರಣವಂತೂ ಇಲ್ಲ. ಮುಂದಿನ ಪ್ರವಾಸದಲ್ಲಿ ಹಿರಿಯರಿಗೆ ಕನ್ನಡದಲ್ಲಿ ಕಥೆ ಹೇಳುವ ಕೆಲಸವನ್ನು ನಮ್ಮ ಮಕ್ಕಳಲ್ಲೊಬ್ಬರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಬಡ್ಡಿ ನಮ್ಮ ಈ ಠೇವಣಿಗೆ ಬೇರೊಂದಿಲ್ಲ.